ಎಲೆ ಮಡಚಿ ಆರಿಸಿದ ಗಡಿಯಾರ

ನಾನು ಹೇಳುವುದನ್ನು ನಂಬಬೇಡಿ. ನಂಬದೆ ಕಡೆಯವರೆಗೆ ಓದಿ ತೋರಿಸಿ, ನೋಡೋಣ. ಹಾನಗಲ್ಲಿನಲ್ಲಿ ನನ್ನನ್ನು ಬಲ್ಲವರು, ನಾನು ಗಂಟೆ ಎಷ್ಟೆಂದು ಹೇಳಿದರೂ ಇನ್ನೊಬ್ಬರನ್ನು ಕೇಳಿಯೇ ಮುಂದೆ ಹೋಗುತ್ತಿದ್ದರು. ಅಂಥವನು ಒಂದು ಗಡಿಯಾರದ ದೆಸೆಯಿಂದ ಹೆಣ್ಣು ಕಳೆದುಕೊಂಡು, ಇನ್ನೊಂದು ಗಡಿಯಾರದಿಂದ ಅದೇ ಹೆಣ್ಣನ್ನು ಮನೆಗೆ ಕರೆತಂದ ಸಂಗತಿ ಇದು. ಇದರಲ್ಲಿ ಒಂದು ಮಾತು, ಒಂದೇ ಒಂದು, ಸುಳ್ಳು. ಕಣ್ಣಿದ್ದರೆ ಹಿಡಿಯಿರಿ.

ಎಪ್ಪತ್ತರ ದಶಕದಲ್ಲಿ ಹಾನಗಲ್ಲಿನ ಪೇಟೆಯಲ್ಲಿ ನನ್ನದೊಂದು ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ ಇತ್ತು. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಎಲ್ಲಕ್ಕೂ ಗಾಜು ಕೊಯ್ದು, ಮರದ ಪಟ್ಟಿ ಹೊಡೆದು, ಮನೆಗೆ ಹೋಗಿ ಗೋಡೆಗೆ ತೂಗುಹಾಕಿ ಬರುವ ತನಕ ನನ್ನದೇ ಕೆಲಸ. ಅಳತೆಪಟ್ಟಿ ಇಡದೆ ಬರೀ ಕಣ್ಣಿನಿಂದ ಪಟವನ್ನು ನೆಟ್ಟಗೆ ಕೂರಿಸುತ್ತಿದ್ದೆ. ಸುತ್ತಲ ನಾಲ್ಕು ತಾಲೂಕಿನಲ್ಲಿ ಅಂಥ ಕಣ್ಣು ಇನ್ನೊಂದಿರಲಿಲ್ಲ. ಇದು ಜಂಬವಲ್ಲ. ಜಂಬ ಮುಂದೆ ಬರುತ್ತದೆ.

ನೆಟ್ಟಗೆ ಕೂರಿಸಿ ಕೂರಿಸಿ ಬೇಸರ ಬಂದು ಒಂದು ಚೇಷ್ಟೆ ಹಚ್ಚಿಕೊಂಡೆ. ಯಾರ ಮನೆಗೆ ಹೋದರೂ, ಮನೆಯವರು ನೀರು ತರಲು ಒಳಗೆ ಹೋದಾಗ, ಗೋಡೆಯ ಒಂದು ಪಟವನ್ನು ಬೆರಳಿನಷ್ಟು ವಾರೆ ಮಾಡಿ, ಏನೂ ಅರಿಯದವನಂತೆ ಬಂದು ಕೂಡುವುದು. ಹೆಚ್ಚಿನವರಿಗೆ ಅದು ಕಾಣುತ್ತಲೇ ಇರಲಿಲ್ಲ. ಎಲ್ಲೋ ಒಬ್ಬರಿಗೆ ಮಾತ್ರ ಮಾತಾಡುತ್ತಾ ಆಡುತ್ತಾ ಕುತ್ತಿಗೆ ವಾಲುತ್ತಿತ್ತು, ಮಾತಿನ ದಾರಿ ತಪ್ಪುತ್ತಿತ್ತು, ಎದ್ದು ಹೋಗಿ ಪಟ ಸರಿ ಮಾಡಿದ ಮೇಲೆಯೇ ಅವರ ಗಂಟಲಿನಲ್ಲಿ ಚಹಾ ಇಳಿಯುತ್ತಿತ್ತು.

ಅಂಥವರ ಮಣಿಕಟ್ಟುಗಳನ್ನು ನೋಡುತ್ತಾ ಬಂದೆ. ಎಲ್ಲರಿಗೂ ಗಡಿಯಾರದ ಹುಚ್ಚು. ಎಲ್ಲರದೂ ಒಂದೇ ರುಚಿ: ದುಂಡು ಮುಖ, ಬಿಳಿ ಡಯಲು, ಸುತ್ತ ಒಂದೇ ಅಳತೆಯ ಗುರುತುಗಳು, ಎಲ್ಲೂ ಗದ್ದಲವಿಲ್ಲ. ಇವರಿಗೆ ಹೊತ್ತು ಬೇಕಾಗಿಲ್ಲ. ಹೊತ್ತು ಬೇಕಾದವರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ಕೇಳುತ್ತಾರೆ. ಗೋಡೆ ವಾರೆ, ಓಣಿ ವಾರೆ, ನೆಂಟರು ವಾರೆ, ಮಣಿಕಟ್ಟಿನ ಮೇಲಿನ ಒಂದು ರೂಪಾಯಿಯಗಲದ ಜಾಗವಾದರೂ ನೆಟ್ಟಗಿರಲಿ, ಇಷ್ಟೇ ಅವರ ಆಸೆ.

ಹುಚ್ಚು ನನಗೂ ಇತ್ತು. ಆದರೆ ಹರೆಯದ ಸೊಕ್ಕಿನಲ್ಲಿ ಹೊಸ ನಮೂನೆಯ ಗಡಿಯಾರ ಕಟ್ಟಿಕೊಂಡಿದ್ದೆ. ಅದರಲ್ಲಿ ಮೂರರ ಅಂಕಿ ಇರುವ ಜಾಗದಲ್ಲಿ ಒಂದು ಪುಟ್ಟ ಕಿಂಡಿ, ಕಿಂಡಿಯಲ್ಲಿ ಅವತ್ತಿನ ತಾರೀಖು. ಯಾರೂ ಕೇಳದಿದ್ದರೂ ನಾನೇ ತಾರೀಖು ಹೇಳಿಕೊಂಡು ತಿರುಗುತ್ತಿದ್ದೆ.

ಸವಣೂರಿನಲ್ಲಿ ಒಂದು ಹೆಣ್ಣಿದೆ ಎಂದು ಅವ್ವನಿಗೆ ಸುದ್ದಿ ಬಂತು. ತಂದೆ ವೀಳ್ಯದೆಲೆ ವ್ಯಾಪಾರಿ, ಊರ ಸುತ್ತಲಿನ ಎಲೆಬಳ್ಳಿ ತೋಟಗಳಿಂದ ಎಲೆ ಕೊಂಡು ದೂರದ ಊರುಗಳಿಗೆ ಕಳಿಸುವವರು. ಅವ್ವನನ್ನು ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಹುಡುಗಿಯ ತಂದೆ, ಊರವರ ಬಾಯಲ್ಲಿ ಸಾವುಕಾರರು, ಎಲೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಒಂದೊಂದೇ ಎಲೆ ತೆಗೆದು, ನಡುವಿನ ನರದ ಮೇಲೆ ಮಡಚಿ, ಎರಡು ಅಂಚೂ ಕೂಡಿದರೆ ಬಲಕ್ಕೆ, ಕೂಡದಿದ್ದರೆ ಎಡಕ್ಕೆ ಇಡುತ್ತಿದ್ದರು. ಬಲಗಡೆಯದು ಮದುವೆ ಮುಂಜಿಗೆ ಹೋಗುವ ಎಲೆ, ಎಡಗಡೆಯದು ಪಾನಪಟ್ಟಿ ಅಂಗಡಿಗೆ. ಅವರ ಕೈಯಲ್ಲೂ ಬಿಳಿ ಮುಖದ ಗಡಿಯಾರ ಕಂಡು, ಇವರು ಆ ಜಾತಿಯವರೇ ಎಂದುಕೊಂಡೆ.

ಅವರು ಅವ್ವನಿಗೆ ತೋಟ ತೋರಿಸಲು ಹಿತ್ತಿಲ ಬಾಗಿಲ ತನಕ ಹೋದಾಗ ನನ್ನ ಕೈ ಸುಮ್ಮನಿರಲಿಲ್ಲ. ಗೋಡೆಯ ಮೇಲೆ ಬಸವಣ್ಣನ ಪಟವಿತ್ತು. ಕೈಮುಗಿದು ಕ್ಷಮೆ ಕೇಳಿ ಒಂದು ಬೆರಳು ವಾರೆ ಮಾಡಿದೆ. ಸಾವುಕಾರರು ಬಂದು ಪಟಕ್ಕೆ ಬೆನ್ನು ಹಾಕಿ ಕೂತರು. ಆಮೇಲೆ ಹುಡುಗಿ ಬಂದಳು, ಒಂದು ತಟ್ಟೆಯಲ್ಲಿ ಚಹಾ, ಖಾರ. ನನ್ನ ಮುಂದೆ ಬರುವ ಬದಲು ಸೀದಾ ಗೋಡೆಯ ಹತ್ತಿರ ಹೋದಳು. ತಟ್ಟೆಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯ ಕಿರುಬೆರಳಿನಿಂದ ಪಟವನ್ನು ಒಮ್ಮೆ ತಟ್ಟಿದಳು. ಪಟ ನೆಟ್ಟಗಾಯಿತು. ಒಂದು ಹನಿ ಚಹಾ ಚೆಲ್ಲಲಿಲ್ಲ. ಮತ್ತೆ ತಿರುಗಿ ನನ್ನ ಮುಖ ನೋಡಿದಳು. ಕಳ್ಳ ಸಿಕ್ಕಿದ್ದಾನೆ, ಆದರೆ ಈಗಲೇ ಕೂಗುವುದು ಬೇಡ ಎಂಬಂಥ ನೋಟ.

ನಾನು ಅಲ್ಲೇ ನಿಶ್ಚಯ ಮಾಡಿದೆ. ಮದುವೆಯಾದರೆ ಇವಳನ್ನೇ. ಇಲ್ಲದಿದ್ದರೆ ಅಂಗಡಿಯ ಗಾಜು ಒರೆಸುತ್ತಾ ಮುದುಕನಾಗುವುದು.

ಹಾಗೆ ನಿಶ್ಚಯ ಮಾಡಿ ಚಹಾದ ಕಪ್ಪಿಗೆ ಕೈ ಚಾಚಿದೆ. ಸಾವುಕಾರರು ಆ ಕೈಯನ್ನು ಹಿಡಿದುಕೊಂಡರು.

“ಏನಿದು?”

“ತಾರೀಖಿನ ವಾಚ್ರಿ. ಹೊಸಾದು ಬಂದೈತಿ.”

“ಮೂರು ಎಲ್ಲಿ ಹೋತು?”

“ಅದರ ಜಾಗಾದಾಗ ತಾರೀಖು ಕುಂತೈತ್ರಿ.”

ಅವರು ಬಲಗಡೆಯ ರಾಶಿಯಿಂದ ಒಂದು ಎಲೆ ತೆಗೆದರು, ಮಡಚಿದರು, ಮಡಚಿದ ಅಂಚನ್ನು ಹನ್ನೆರಡರಿಂದ ಆರರ ತನಕ ಬರುವ ಹಾಗೆ ನನ್ನ ಗಡಿಯಾರದ ಮೇಲೆ ಇಟ್ಟರು. ಒಮ್ಮೆ ಎಡ ಅರ್ಧ ನೋಡಿದರು, ಎಲೆ ಹೊರಳಿಸಿ ಬಲ ಅರ್ಧ ನೋಡಿದರು.

“ಈ ಕಡೆ ಒಂಬತ್ತೈತಿ. ಆ ಕಡೆ ತೂತೈತಿ,” ಎಂದು ನನ್ನ ಕೈ ಬಿಟ್ಟರು. ಹುಳ ಹತ್ತಿದ ಎಲೆಯನ್ನು ಬಿಡುವ ಹಾಗೆ.

ಆಮೇಲೆ ಅವರು ಆಡಿದ್ದರ ಸಾರ ಇಷ್ಟು. ಎಲೆ ಆರಿಸಲು ಬಾರದವನ ಕೈಗೆ ಅವರು ಬುಟ್ಟಿ ಕೊಡುವುದಿಲ್ಲ, ಮಗಳನ್ನು ಕೊಡುವುದು ದೂರದ ಮಾತು. ಆದರೆ ಹುಡುಗ ಚಹಾ ಕುಡಿಯದೆ ಹುಡುಗಿಯನ್ನೇ ನೋಡುತ್ತಿದ್ದಾನೆ, ಒಂದು ಅವಕಾಶ ಕೊಡಬೇಕು. ಮದುವೆಯಲ್ಲಿ ಅಳಿಯನಿಗೆ ಗಡಿಯಾರ ಕೊಡುವುದು ಆಗಿನ ಪದ್ಧತಿ. ಹೇಗೂ ಕೊಡಬೇಕಾದ ಆ ಗಡಿಯಾರವನ್ನು ನಾನೇ ಹುಡುಕಿ ತರಬೇಕು.

“ನನ್ನ ಎಲಿ ಒಪ್ಪಿದ್ರ ನಾನೂ ಒಪ್ಪಿದಂಗ,” ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಅವ್ವ ಹಾನಗಲ್ಲು ಮುಟ್ಟುವ ತನಕ ಬೈದಳು. ಹೆಣ್ಣು ನೋಡಲು ಹೋದರೆ ಗಡಿಯಾರ ನೋಡಿ ಕಳಿಸಿದ ಮನೆ ಇದೇ ಮೊದಲು ಎಂದಳು. ನಾನು ಬಸ್ಸಿನ ಟಿಕೀಟನ್ನು ನಡುವೆ ಮಡಚಿ ಅಂಚು ಕೂಡುತ್ತದೋ ಎಂದು ನೋಡುತ್ತಾ ಕೂತಿದ್ದೆ. ಅವ್ವನಿಗೆ ಅದೇ ಹೆಚ್ಚು ಹೆದರಿಕೆ ತಂದಿತು.

ಮೊದಲು ಹೋದದ್ದು ಶಿಗ್ಗಾವಿಗೆ. ಅಲ್ಲಿಯ ಗಡಿಯಾರದ ಅಂಗಡಿಯವರ ಮನೆದೇವರಿಗೆ ಫ್ರೇಮು ಹಾಕಿದವನು ನಾನೇ, ಹಾಗಾಗಿ ತೋರಿಸಿ ತರುತ್ತೇನೆಂದರೆ ನಂಬಿ ಕೊಡುತ್ತಿದ್ದರು. ಅವರ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲ ಗಡಿಯಾರಗಳೂ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿದ್ದವು. ಯಾಕೆಂದು ಕೇಳಿದೆ. ಮುಳ್ಳುಗಳು ಹಾಗೆ ಎರಡೂ ಕಡೆ ಸಮ ಎದ್ದು ನಿಂತರೆ ಗಿರಾಕಿ ನಿಲ್ಲುತ್ತಾನೆ, ಒಂದೇ ಕಡೆ ಜೋತುಬಿದ್ದರೆ ಮುಂದೆ ಹೋಗುತ್ತಾನೆ ಎಂದರು. ಅಲ್ಲಿಂದ ರೋಮನ್ ಅಂಕಿಯ ಗಡಿಯಾರವೊಂದನ್ನು ಆರಿಸಿ, ಗೆದ್ದೆನೆಂದುಕೊಂಡು ಸವಣೂರಿನ ಬಸ್ಸು ಹತ್ತಿದೆ.

ಸಾವುಕಾರರು ಎಲೆ ಇಟ್ಟರು, ಹೊರಳಿಸಿದರು, ತಲೆಯಾಡಿಸಿದರು. ತಪ್ಪು ನಾಲ್ಕರಲ್ಲಿತ್ತು. ನಾವು ಶಾಲೆಯಲ್ಲಿ ಕಲಿತ ರೋಮನ್ ನಾಲ್ಕು, ಐದರ ಗುರುತಿನ ಹಿಂದೆ ಒಂದು ಗೆರೆ, ಅಷ್ಟೆ. ಅದರ ಎದುರಿಗೆ ಕೂರುವುದು ಎಂಟು, ಐದರ ಗುರುತಿನ ಮುಂದೆ ಮೂರು ಗೆರೆ ಎಳೆದ ದಪ್ಪ ಅಂಕಿ. ಎಡಗಡೆ ತುಂಬಿದ ಮನೆಯಂತೆ ಎಂಟು, ಬಲಗಡೆ ಬಡಕಲು ನಾಲ್ಕು, ತಕ್ಕಡಿ ವಾಲಿತು. ಬಲ್ಲವರು ಮಾಡಿದ ಗಡಿಯಾರದಲ್ಲಿ ನಾಲ್ಕಕ್ಕೆ ನಾಲ್ಕು ನಿಂತ ಗೆರೆಗಳನ್ನೇ ಎಳೆದಿರುತ್ತಾರೆ, ವ್ಯಾಕರಣ ಕೆಟ್ಟರೂ ತೂಕ ಕೆಡಬಾರದು ಎಂದು ಅವರು ಹೇಳಿದರು. ಅಲ್ಲಿಯ ತನಕ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿದೆ.

ಎರಡನೆಯದನ್ನು ಹಿರೇಕೆರೂರಿನಿಂದ ತಂದೆ. ಅಂಕಿಗಳ ಗೋಜೇ ಬೇಡವೆಂದು ಬರೀ ಗೆರೆಗಳಿದ್ದದ್ದನ್ನು ಆರಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೋಡಿದೆ, ಒಂದೂ ಕೊರತೆ ಕಾಣಲಿಲ್ಲ. ಸಾವುಕಾರರಿಗೆ ಎಲೆಯೇ ಬೇಕಾಗಲಿಲ್ಲ. ಡಯಲನ್ನು ಕೂರಿಸುವಾಗ ಒಂದು ಕೂದಲಿನಷ್ಟು ತಿರುಗಿದೆ, ಹನ್ನೆರಡರ ಗೆರೆ ಪಟ್ಟಿಯ ನಡುವಿಗೆ ಬರುವುದಿಲ್ಲ ಎಂದರು. ಗೋಡೆಯ ಕಡೆ ಬೊಟ್ಟು ತೋರಿಸಿ, “ಪಟಾ ವಾರಿ ಆದಂಗ,” ಎಂದರು. ಅವರಿಗೆ ಆವತ್ತಿನ ಸಂಗತಿ ಗೊತ್ತಿತ್ತೋ ಇಲ್ಲವೋ, ನನ್ನ ಕಿವಿ ಬಿಸಿಯಾದವು. ನಾಲ್ಕು ತಾಲೂಕಿನ ಕಣ್ಣು ಎಂದೆನಲ್ಲ, ಆ ಮಾತನ್ನು ಆವತ್ತು ಮೂರು ತಾಲೂಕಿಗೆ ಇಳಿಸಿಕೊಂಡೆ.

ಸೋತಷ್ಟೂ ಹಠ ಬಲಿಯಿತು. ಮೂರನೆಯದು ನನ್ನ ಅಂಗಡಿಯ ಎದುರಿಗೇ ಸಿಕ್ಕಿತು. ಎದುರಿನ ದರ್ಜಿಯ ಕೈಯಲ್ಲಿ ಅವನ ತಂದೆಯ ಕಾಲದ ಗಡಿಯಾರ. ಬಿಳಿ ಮುಖ, ನಾಲ್ಕಕ್ಕೆ ನಾಲ್ಕು ನಿಂತ ಗೆರೆ, ಆರರ ಮೇಲೆ ಸೆಕೆಂಡಿನ ಮುಳ್ಳಿಗೆ ಒಂದು ಪುಟ್ಟ ವೃತ್ತ, ತೂತಿಲ್ಲ, ವಾರೆಯಿಲ್ಲ. ದಿನಾ ಅವನ ಎದುರಿಗೆ ಕೂತು ಹರಟೆ ಹೊಡೆದವನು ಒಂದು ದಿನವೂ ಅದನ್ನು ನೋಡಿರಲಿಲ್ಲ. ಅವನ ಕೈಕಾಲು ಹಿಡಿದು ಒಪ್ಪಿಸಿ, ಅವ್ವನನ್ನೂ ಹೊರಡಿಸಿಕೊಂಡು ಸವಣೂರಿಗೆ ಹೋದೆ.

ಸಾವುಕಾರರು ಎಲೆ ಇಟ್ಟರು. ಹೊರಳಿಸಿದರು. ಬೇರೆ ಎಲೆ ತೆಗೆದು ಮತ್ತೆ ಇಟ್ಟರು. ಅವರ ಮುಖ ನಿಧಾನವಾಗಿ ಅರಳಿತು. ಒಳಗೆ ತಿರುಗಿ, ಸಕ್ಕರೆ ತರಲು ಹೇಳಿದರು. ನಮ್ಮ ಕಡೆ ಸಕ್ಕರೆ ಬಂತೆಂದರೆ ಮಾತು ಮುಗಿದ ಹಾಗೆ. ಅವ್ವ ಸೆರಗು ಸರಿ ಮಾಡಿಕೊಂಡಳು. ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು.

ಆಗ ನನ್ನೊಳಗಿನ ಕಿಡಿಗೇಡಿ ಬಾಯಿ ತೆರೆದ. “ಮಾವಾರ, ಒಂದ ಮಾತು. ಎಲಿಗೆ ತೊಟ್ಟು ನಟ್ಟನಡುವ ಇರತೈತಿ. ಇದರ ತೊಟ್ಟು ಯಾಕ ಗಲ್ಲದಾಗ ಐತಿ?”

ಕೈಗಡಿಯಾರಕ್ಕೆ ಚಾವಿ ಕೊಡುವ ಗುಂಡಿ ಇರುವುದು ಬಲಗಡೆ, ಮೂರರ ಪಕ್ಕ. ಅಲ್ಲಿಯ ತನಕ ನಾನು ಕಂಡ ಎಲ್ಲ ಕೈಗಡಿಯಾರಕ್ಕೂ ಹಾಗೆಯೇ. ಇಷ್ಟು ವರ್ಷ ಗಡಿಯಾರದ ಮುಖವನ್ನಷ್ಟೇ ಎಲೆಯಡಿ ಇಟ್ಟು ನೋಡಿದ ಮನುಷ್ಯ, ಮುಖದ ಆಚೆ ಚಾಚಿಕೊಂಡ ಆ ಗುಂಡಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ದರ್ಜಿಯ ಗಡಿಯಾರವನ್ನು ನೋಡಿದರು. ತಮ್ಮ ಕೈಯದನ್ನು ಬಿಚ್ಚಿ ಅದರ ಪಕ್ಕ ಇಟ್ಟರು. ಬುಟ್ಟಿಯಿಂದ ಒಂದು ಎಲೆ ತೆಗೆದು ತೊಟ್ಟು ಹಿಡಿದು ತಿರುಗಿಸಿದರು.

“ಇಷ್ಟ ವರ್ಷ ನಾ ಕುರುಡ ಆಗಿದ್ನಿ,” ಎಂದರು. ಬಾಗಿಲ ತನಕ ಬಂದ ಸಕ್ಕರೆ ಒಳಗೆ ಹೋಯಿತು.

ಆವತ್ತಿನಿಂದ ಅವರು ಗಡಿಯಾರ ಕಟ್ಟುವುದನ್ನೇ ಬಿಟ್ಟರು. ಮಸೀದಿಯ ಬಾಂಗು ಕೇಳಿ ಎಲೆಯ ಬುಟ್ಟಿಗಳನ್ನು ಬಸ್ಸಿಗೆ ಕಳಿಸುತ್ತಾರಂತೆ, ಊಟದಲ್ಲಿ ರುಚಿಯಿಲ್ಲವಂತೆ, ಹೀಗೆ ಸುದ್ದಿ ಬರುತ್ತಿತ್ತು. ನಾನು ಹೋಗಿ ಕೇಳಿದಾಗ ಸಿಟ್ಟು ಮಾಡಲಿಲ್ಲ. ತೊಟ್ಟು ನಡುವೆ ಇರುವ ಗಡಿಯಾರ ಸಿಕ್ಕರೆ ಬರಬೇಕು, ಇಲ್ಲದಿದ್ದರೆ ಬರಬಾರದು, ಬರುವ ಲಗ್ನದ ಹಂಗಾಮಿನಲ್ಲಿ ಮಗಳ ಮದುವೆ ಆಗಲೇಬೇಕು, ಬೇರೆ ಕಡೆಯವರೂ ಕೇಳುತ್ತಿದ್ದಾರೆ ಎಂದರು. ಹಂಗಾಮಿಗೆ ಮೂರು ತಿಂಗಳಿತ್ತು.

ಆ ಮೂರು ತಿಂಗಳು ನಾನು ಫ್ರೇಮು ಹಾಕಲು ಹೋದ ಮನೆಗಳಲ್ಲಿ ಒಂದು ಪಟವನ್ನೂ ವಾರೆ ಮಾಡಲಿಲ್ಲ. ಎಷ್ಟು ಕಷ್ಟದಲ್ಲಿದ್ದೆನೆಂದು ಇದರಿಂದಲೇ ತಿಳಿಯಿರಿ. ಅಂಗಡಿಯವರು ನಕ್ಕರು. ಒಬ್ಬರು ಗುಂಡಿ ಎಡಕ್ಕಿರುವ ಗಡಿಯಾರ ಉಂಟೆಂದರು. ಎಡಗಲ್ಲವಾದರೇನು, ಬಲಗಲ್ಲವಾದರೇನು.

ಎರಡು ತಿಂಗಳು ಕಳೆದ ಮೇಲೆ ಹಿರೇಕೆರೂರಿನ ಆಚೆ ಮಾಸೂರಿಗೆ ಒಂದು ಮದುವೆಯ ಫೋಟೋ ಕೊಡಲು ಹೋದೆ. ಮದಗದ ಕೆರೆಯ ಕಾಲುವೆಯ ಮೇಲೆ ಒಬ್ಬ ಮುದುಕ ನಿಂತಿದ್ದ. ಊರಿನ ನೀರಗಂಟಿ, ಅಂದರೆ ಹೊಲಗಳಿಗೆ ಸರದಿಯಂತೆ ಕೆರೆ ನೀರು ಬಿಡುವವನು. ಅವನು ಸೊಂಟದಿಂದ ಕರಿಯ ದಾರ ಎಳೆದ. ದಾರದ ತುದಿಗೆ ಒಂದು ಕಿಸೆಗಡಿಯಾರ ಬಂತು. ಬಿಳಿ ಮುಖ. ನಾಲ್ಕು ನಿಂತ ಗೆರೆ. ಆರರ ಮೇಲೆ ಪುಟ್ಟ ವೃತ್ತ. ಚಾವಿ ಕೊಡುವ ಗುಂಡಿ ಹನ್ನೆರಡರ ನೆತ್ತಿಯ ಮೇಲೆ, ನಟ್ಟನಡುವೆ, ಎಲೆಗೆ ತೊಟ್ಟು ಇದ್ದ ಹಾಗೆ.

ನಾನು ಕಾಲುವೆಯ ಏರಿಯ ಮೇಲೇ ಕೂತುಬಿಟ್ಟೆ.

ಕೇಳಿದೆ. ಕೊಡುವುದಿಲ್ಲ ಎಂದ. ಮುಂದಿನ ವಾರ ಹೋಗಿ ಹೊಸ ಗಡಿಯಾರ ತಂದುಕೊಡುತ್ತೇನೆ ಎಂದೆ. ಬೇಡ ಎಂದ. ಈ ಗಡಿಯಾರ ಒಂದು ದಿನ ತಪ್ಪಿದರೆ ಊರಿನ ಗದ್ದೆಗಳಲ್ಲಿ ಕುಡುಗೋಲು ಏಳುತ್ತವೆ, ತಮಾಷೆಯಲ್ಲ ಎಂದ. ಅವನ ಮಾತು ನಿಜವಿತ್ತು. ಆದರೂ ಮೂರನೆಯ ವಾರ ಮತ್ತೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಹೋಗುವುದು ಮಾತ್ರ ಗೊತ್ತಿತ್ತು.

ಆವತ್ತು ಕಾಲುವೆಯ ಮೇಲೆ ಜಗಳ ನಡೆದಿತ್ತು. ಇಬ್ಬರು ರೈತರು, ಇಬ್ಬರಿಗೂ ಇವತ್ತಿನ ನೀರು ತನ್ನದೆಂದು ವಾದ. ಸರದಿ ತಾರೀಖಿನ ಮೇಲೆ ಇತ್ತು, ಇವತ್ತು ಹದಿನಾರೋ ಹದಿನೇಳೋ ಎಂಬುದೇ ತಂಟೆ. ನೀರಗಂಟಿಯ ಗಡಿಯಾರ ತಾಸು ಹೇಳುತ್ತಿತ್ತು, ತಾರೀಖು ಹೇಳುತ್ತಿರಲಿಲ್ಲ. ನಾನು ಅಭ್ಯಾಸದಂತೆ, ಯಾರೂ ಕೇಳದೆ, ಕೈ ಎತ್ತಿ ಹದಿನೇಳು ಎಂದೆ. ಮೂವರೂ ನನ್ನ ಮಣಿಕಟ್ಟಿನ ಮೇಲೆ ಬಾಗಿದರು. ಕಿಂಡಿಯಲ್ಲಿ ಹದಿನೇಳು ಕೂತಿತ್ತು. ಒಬ್ಬ ಗೊಣಗುತ್ತಾ ಹೋದ, ಇನ್ನೊಬ್ಬ ನೀರಿಗೆ ಇಳಿದ.

ಮುದುಕ ನನ್ನ ಕೈ ಬಿಡಲಿಲ್ಲ. “ಈ ತೂತಿನ್ಯಾಗಿಂದು ದಿನಾ ತಾನ ತಿರುಗತೈತೇನ್ರಿ?”

“ತಾನ ತಿರುಗತೈತಿ. ಸಣ್ಣ ತಿಂಗಳು ಮುಗಿದಾಗ ಅಷ್ಟ ಒಂದೀಟು ನೀವು ತಿರುವಬೇಕು.”

ಅವನು ಒಮ್ಮೆ ಕಾಲುವೆಯ ನೀರನ್ನು, ಒಮ್ಮೆ ಕಿಂಡಿಯನ್ನು ನೋಡಿದ. ನಂತರ ಸೊಂಟದ ದಾರ ಬಿಚ್ಚಿದ. “ನನಗ ಬೇಕಾಗಿದ್ದು ಈ ತೂತು. ನಿಮಗ ಬೇಕಾಗಿದ್ದು ಇದು. ತಗೋರಿ.”

ಸವಣೂರಿನಲ್ಲಿ ಯಾರಿಗೂ ಬೇಡವಾದ ತೂತು ಮಾಸೂರಿನಲ್ಲಿ ಜಗಳ ಬಿಡಿಸಿತು. ಒಂದೇ ವಸ್ತು ಒಬ್ಬನಿಗೆ ಕುಂದು, ಇನ್ನೊಬ್ಬನಿಗೆ ಅದೇ ಬೇಕು. ಆದರೆ ಈ ಜ್ಞಾನ ನನಗೆ ಆಮೇಲೆ ಬಂದದ್ದು. ಆ ಗಳಿಗೆಯಲ್ಲಿ ನಾನು ಬಸ್ಸಿನ ಹಿಂದೆ ಓಡುತ್ತಿದ್ದೆ.

ಸಾವುಕಾರರು ಕಿಸೆಗಡಿಯಾರವನ್ನು ಮೊದಲು ದಾರದಿಂದ ತೂಗಾಡಿಸಿ ನೋಡಿದರು. ಅದು ನೆಟ್ಟಗೆ ನಿಂತಿತು. ಎಲೆ ಇಟ್ಟರು. ಎಡ. ಬಲ. ಎಲೆಯ ತೊಟ್ಟು ಗಡಿಯಾರದ ಗುಂಡಿಯ ಮೇಲೇ ಬಂದು ಕೂತಿತು. ಅವರು ಕಣ್ಣು ಒರೆಸಿಕೊಂಡರು ಎಂದು ಬರೆದರೆ ನೀವು ನಂಬುವುದಿಲ್ಲ, ಆದರೆ ಒರೆಸಿಕೊಂಡರು. ಸಕ್ಕರೆ ಬಂತು. ಈ ಸಲ ಯಾರೂ ಬಾಯಿ ಬಿಡಲಿಲ್ಲ.

ಮದುವೆಗೆ ಹದಿನೈದು ದಿನವಿದ್ದಾಗ ಇನ್ನೊಂದು ತೊಡಕು. ಕಿಸೆಗಡಿಯಾರ ಇಡುವುದು ಅಂಗಿಯ ಎಡಕಿಸೆಯಲ್ಲಿ. ಎಡಕ್ಕೆ ಭಾರ, ಬಲಕ್ಕೆ ಬರಿದು. ಮಾವ ಒಪ್ಪಲಿಲ್ಲ. ನನ್ನ ದರ್ಜಿ ಮಿತ್ರ ಅಂಗಿಯ ಗುಂಡಿಗಳನ್ನು ಹೆಗಲ ಮೇಲೆ ಕಳಿಸಿ, ಎದೆಯ ನಟ್ಟನಡುವೆ ಒಂದು ಕಿಸೆ ಹೊಲಿದ. ತಲೆಯ ಮೇಲೆ ಅಕ್ಷತೆಯ ಅಕ್ಕಿಕಾಳು ಬಿದ್ದಾಗ ಆ ಕಿಸೆಯಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸುಳ್ಳು ಇದೇ ಎಂದು ನೀವು ಗುರುತು ಹಾಕಿಕೊಂಡಿರಬೇಕು. ಅಲ್ಲ. ಫೋಟೋ ಇದೆ, ಫ್ರೇಮು ನಾನೇ ಹಾಕಿದ್ದು, ನಮ್ಮ ಗೋಡೆಯ ಮೇಲಿದೆ, ಬಂದು ನೋಡಿ.

ಎಂಬತ್ತರ ದಶಕದಲ್ಲಿ ಮುಳ್ಳಿಲ್ಲದ, ಅಂಕಿ ಓಡುವ ಗಡಿಯಾರಗಳು ಬಂದವು. ನಾನು ಒಂದು ತಂದು ಮಾವನಿಗೆ ತೋರಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎಲೆ ಮಡಚಿ ಕೈಯಲ್ಲಿ ಹಿಡಿದು ಕೂತರು, ಹನ್ನೊಂದು ಗಂಟೆ ಹನ್ನೊಂದು ನಿಮಿಷ ಆಗುವ ತನಕ ಕಾದರು, ಆ ಒಂದು ನಿಮಿಷ ನೋಡಿ ಸಂತೋಷಪಟ್ಟರು, ನಿಮಿಷದ ಜಾಗಕ್ಕೆ ಹನ್ನೆರಡು ಬಿದ್ದ ಕೂಡಲೆ ನನಗೆ ವಾಪಸು ಕೊಟ್ಟರು.

ಇನ್ನು ಸುಳ್ಳಿನ ವಿಚಾರ. ಸಕ್ಕರೆ ಬರುವ ಹೊತ್ತಿಗೆ ತೊಟ್ಟಿನ ಮಾತು ತೆಗೆದು ಕೆಡಿಸಿದ್ದು ನನ್ನೊಳಗಿನ ಕಿಡಿಗೇಡಿ ಎಂದು ನಾಲ್ಕೂ ತಾಲೂಕಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಗಡಿಯಾರದ ಹುಚ್ಚಿನವರು ನನಗೆ ಇವತ್ತಿಗೂ ಮರ್ಯಾದೆ ಕೊಡುವುದು ಆ ಮಾತಿಗೇ. ಅದು ನನ್ನದಲ್ಲ. ಸಕ್ಕರೆ ಬಟ್ಟಲು ಹಿಡಿದು ಬಾಗಿಲ ಮರೆಯಲ್ಲಿ ನಿಂತವಳದು. “ಮಾವಾರ” ಎಂದಲ್ಲ, “ಅಪ್ಪಾ” ಎಂದು ಆ ಮಾತು ಶುರುವಾಗಿತ್ತು. ಉಳಿದದ್ದೆಲ್ಲ ಅಕ್ಷರಕ್ಕೆ ಅಕ್ಷರ ಹಾಗೆಯೇ.

ಮದುವೆಯಾದ ಮೇಲೆ ಕೇಳಿದೆ, ಕೈಗೆ ಬಂದದ್ದನ್ನು ಯಾಕೆ ಕೆಡಿಸಿದೆ ಎಂದು. ಅವಳು ರೊಟ್ಟಿ ತಟ್ಟುತ್ತಿದ್ದಳು, ದುಂಡಗೆ, ಒಂದರ ಮೇಲೊಂದು ಇಟ್ಟರೆ ಅಂಚು ಕೂಡುವ ಹಾಗೆ.

“ಪಟಾ ವಾರಿ ಮಾಡಿ ನೀವು ನನ್ನ ಪರೀಕ್ಷಾ ಮಾಡಿದ್ರಿ. ಇನ್ನೊಮ್ಮೆ ಬರ್ತಾರೋ ಇಲ್ಲೋ ನೋಡೂಣು ಅಂತ ನಾನೂ ಒಂದು ಮಾಡಿದ್ನಿ,” ಎಂದಳು. “ಸಮಾ ಆತಿಲ್ರಿ?”